ಕೊನೆಯ ಅಕ್ಷರಕ್ಕೆ ಜಾಗ

ಮಗಳು ಸ್ಟೂಲು ಹತ್ತಿ ಬಾಗಿಲ ಮೇಲಿನ ಬ್ಯಾನರಿನ ಹಗ್ಗವನ್ನು ಚಾಕುವಿನಿಂದ ಕೊಯ್ಯುತ್ತಿದ್ದಳು. ಒಳಗೆ ಅಪ್ಪನ ಹೆಣ, ಹೊರಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಹೆಸರೇನೋ ಅಪ್ಪನದೇ. ಮುಖ ಮಾತ್ರ ಮಂತ್ರಿಯದು. ಗುಂಡುಕಲ್ಲಿನಂತೆ ಬದುಕಿರುವ ಮಂತ್ರಿ ಹಲ್ಲು ಕಿರಿಯುತ್ತಿದ್ದ.

“ಇಳಿಯೇ, ಜನ ನೋಡ್ತಿದ್ದಾರೆ,” ಎಂದ ಚಿಕ್ಕಪ್ಪ. “ಫೋನಲ್ಲಿ ಹೆಸರು ಹೇಳ್ದೆ, ಫೋಟೋ ಕಳಿಸೋದು ಮರೆತೆ. ಅಂಗಡಿಯವನು ಆ ಹೆಸರಿಗೆ ಸಿಕ್ಕಿದ್ದು ಹಾಕಿದ್ದಾನೆ. ಅದಕ್ಕೇನು ಪ್ರಳಯ ಆಯ್ತಾ?”

“ಆಯ್ತು! ಅಪ್ಪನ ಹೊಟ್ಟೆ ಮೇಲೆ ಹೊಡೆದ ಅಂಗಡೀನೇ ಬೇಕಿತ್ತಾ ಚಿಕ್ಕಪ್ಪಾ ನಿಮಗೆ?”

ಅಪ್ಪ ಬೋರ್ಡು ಬರೆಯುವವನು. ಬ್ಯಾನರ್ ಅಂಗಡಿ ಬಂದ ಮೇಲೆ ಅವನನ್ನು ಕರೆಯುವವರೇ ಇರಲಿಲ್ಲ.

“ಹೋಗ್ಲಿ ಬಿಡಮ್ಮ,” ಪಕ್ಕದ ಮನೆಯವನು ಸಮಾಧಾನ ಹೇಳಿದ. “ಮಂತ್ರಿ ಮುಖ ಎಲ್ಲರಿಗೂ ಸಿಗುತ್ತಾ?”

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

*

ಊರಲ್ಲಿ ಅಪ್ಪನದೇ ಹೆಸರಿನ ದೊಡ್ಡವರು ಮೂವರಿದ್ದರು: ಮಂತ್ರಿ, ಗಾಯಕ, ಹೃದಯದ ಡಾಕ್ಟರು. ಮೂವರ ಬೋರ್ಡನ್ನೂ ಬರೆದದ್ದು ಅಪ್ಪನೇ. ಅವನ ಹೆಸರು ಹೇಳಿದರೆ ಸಾಕು, “ಯಾರು, ಮಂತ್ರಿಗಳಾ?” ಎನ್ನುವರು. “ಅವರಲ್ಲ, ಪೇಂಟರು.” ಕೊನೆಗೆ ‘ಪೇಂಟರು’ ಕೂಡ ಉದುರಿಹೋಗಿ ‘ಅವರಲ್ಲ’ ಎಂಬುದೇ ಅವನ ಹೆಸರಾಯಿತು. ಅಪ್ಪನೂ ನಗುತ್ತಿದ್ದ. ಆ ನಗು ಕಂಡರೆ ಮಗಳಿಗೆ ಮೈಯೆಲ್ಲ ಉರಿಯುತ್ತಿತ್ತು.

“ನಮ್ಮ ಬಾಗಿಲಿಗೂ ನಿನ್ನ ಹೆಸರು ಬರಿ ಅಪ್ಪಾ.”

“ಬರೀತೀನಿ ಕಣೇ, ಬಿಡುವಾಗ್ಲಿ.”

ಅಪ್ಪ ಯಾವ ಬೋರ್ಡನ್ನೂ ಕೊನೆಯ ಅಕ್ಷರದಿಂದಲೇ ಶುರು ಮಾಡುತ್ತಿದ್ದ. ಅವಳ ಕೈ ಹಿಡಿದು ಬರೆಯಲು ಕಲಿಸಿದಾಗಲೂ ಮೊದಲು ಅದನ್ನೇ ಬರೆಸಿದ್ದ. “ಮೊದಲಿನದು ಹೇಗಾದ್ರೂ ಜಾಗ ಮಾಡ್ಕೊಳ್ಳುತ್ತೆ. ಕೊನೆಯದಕ್ಕೆ ನಾವೇ ಇಡಬೇಕು.”

ಆಮೇಲೆ ಅಪ್ಪನಿಗೆ ಬೇಕಾದಷ್ಟು ಬಿಡುವಾಯಿತು. ಬಾಗಿಲು ಮಾತ್ರ ಬೋಳಾಗಿಯೇ ಉಳಿಯಿತು.

*

ಹಗ್ಗ ತುಂಡಾಗಿ ಮಂತ್ರಿ ದೊಪ್ಪನೆ ಅಂಗಳಕ್ಕೆ ಬಿದ್ದ. ಮಗಳು ಅವನನ್ನು ತುಳಿದುಕೊಂಡೇ ಒಳಗೆ ಹೋದಳು. ಅಪ್ಪನ ಕುಂಚಗಳೆಲ್ಲ ಒಣಗಿ ಕಡ್ಡಿಯಾಗಿದ್ದವು; ಒಂದನ್ನು ಮಾತ್ರ ಅವನು ಎಣ್ಣೆಯಲ್ಲಿ ಅದ್ದಿಟ್ಟಿದ್ದ. ಅದನ್ನು ಕಂಡು ಅವಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಕಪ್ಪು ಬಣ್ಣದ ಡಬ್ಬಿ ಎತ್ತಿಕೊಂಡು ಬಾಗಿಲ ಬಲತುದಿಯಲ್ಲಿ ಕುಂಚ ಊರಿದಳು.

“ಹೊತ್ತಾಯ್ತು, ಎತ್ತಬೇಕು,” ಚಿಕ್ಕಪ್ಪ ಗೊಣಗಿದ. “ಅದೆಲ್ಲಿಂದ ಶುರು ಮಾಡ್ತಿದ್ದೀಯೇ?”

“ಕೊನೆಯಿಂದ. ಮುಗಿಯೋವರೆಗೂ ಯಾರೂ ಎತ್ತಕೂಡದು.”

ಯಾರೂ ಎತ್ತಲಿಲ್ಲ. ಕೊನೆಗೆ ಮೊದಲ ಅಕ್ಷರವನ್ನೂ ಮುಗಿಸಿ, ಹೆಸರಿನ ಕೆಳಗೆ ‘ಬೋರ್ಡು ಬರೆಯುವವರು’ ಎಂದೂ ಬರೆದು ಅವಳು ಪಕ್ಕಕ್ಕೆ ಸರಿದಳು.

ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿ ಹೆಸರು ಓದಿದ. “ಅಯ್ಯೋ, ಮಂತ್ರಿಗಳಾ?”

ಚಿಕ್ಕಪ್ಪ ಹೊಟ್ಟೆಯನ್ನು ಒಳಗೆಳೆದುಕೊಂಡು, ಹಸಿ ಬಣ್ಣಕ್ಕೆ ಅಂಗಿ ತಾಗದಂತೆ ಓರೆಯಾಗಿ, ಅಣ್ಣನನ್ನು ಹೊತ್ತು ಬಾಗಿಲು ದಾಟಿದ.