ಗುಬ್ಬಿಗಳ ಕನ್ನಡಿ

"ನಿನ್ನ ಕಡೆ ಸ್ವಲ್ಪ ಎತ್ತೋ... ಗೋಡೆಗೆ ತಾಗೀತು, ಜೋಪಾನ!"

ಅಣ್ಣ ತಮ್ಮ ಇಬ್ಬರೂ ಸೇರಿ ದೊಡ್ಡ ದುಂಡು ಕನ್ನಡಿಯನ್ನು ನಡುಮನೆಯಿಂದ ಅಂಗಳಕ್ಕೆ ಸಾಗಿಸುತ್ತಿದ್ದರು. ಅದನ್ನು ಸರಿಸದೆ ಅಣ್ಣನ ಹೆಂಡತಿಯ ಶವವನ್ನು ಬಾಗಿಲು ದಾಟಿಸಲು ಜಾಗವಿರಲಿಲ್ಲ. ಕನ್ನಡಿಯ ಸುತ್ತ, ಕನ್ನಡಿಗಾಜಿನಲ್ಲೇ ಕತ್ತರಿಸಿದ, ಎರಡೂ ರೆಕ್ಕೆ ಹರಡಿದ ಗುಬ್ಬಿಗಳು ಒಂದರ ಹಿಂದೊಂದು ಹಾರುತ್ತಿದ್ದವು. ಮೇಲೆ ಒಂದು ಗುಬ್ಬಿಯ ಜಾಗ ಮಾತ್ರ ಖಾಲಿ. ಹಿಂದಿನ ಸಂಜೆ ಆ ಗುಬ್ಬಿಯ ಅಂಚು ಉಜ್ಜಿ ನಯಮಾಡಿ ಮೇಜಿನ ಮೇಲಿಟ್ಟು, "ಅಂಟು ನಾಳೆ ಹಾಕ್ತೀನಿ, ಯಾಕೋ ಸುಸ್ತು" ಎಂದು ಮಲಗಿದವಳು ಬೆಳಿಗ್ಗೆ ಏಳಲಿಲ್ಲ.

"ಅತ್ತಿಗೆ ಹೋಗುವಾಗಲೂ ನಮ್ಮ ಕೈಲಿ ಕನ್ನಡಿ ಹೊರಿಸಿಯೇ ಹೋದ್ರು," ಎಂದು ಮೈದುನ ಏದುಸಿರು ಬಿಟ್ಟ. ಅಳುತ್ತಿದ್ದ ಮಗಳಿಗೂ ನಗು ಬಂತು.

ಅಷ್ಟರಲ್ಲಿ ಬಾಗಿಲಿಗೆ ಒಂದು ತೆರೆದ ಟೆಂಪೊ ಬಂದು ನಿಂತಿತು. ಕನ್ನಡಿ ಮಾಡಿಸಿದ್ದ ನರ್ಸ್ ಇಳಿದು, ಜನರನ್ನು ಕಂಡು ಅಲ್ಲೇ ನಿಂತುಬಿಟ್ಟಳು.

"ಅಯ್ಯೋ, ಇವತ್ತು ಬಂದು ತಗೊಂಡ್ಹೋಗಮ್ಮ ಅಂದಿದ್ರಲ್ಲ... ನಾನು ಇನ್ನೊಂದು ದಿನ ಬರ್ತೀನಿ."

"ಬರೋದೇ ಬೇಡ," ಎಂದಳು ಮಗಳು. "ಇದನ್ನ ಕೊಡಲ್ಲ. ಅಮ್ಮನ ಕೊನೇ ಕೆಲಸ ಇದು."

"ಕೊಡ್ತೀವಿ," ಎಂದ ಅಪ್ಪ. "ನಿಮ್ಮಮ್ಮ ಒಪ್ಕೊಂಡಿದ್ದು."

"ಊರವರ ಗೋಡೆ ಮೇಲೆಲ್ಲ ಅಮ್ಮ ಇದ್ದಾಳೆ. ನಮ್ಮ ಗೋಡೆ ಮೇಲೆ ಏನಿದೆ ಹೇಳಪ್ಪ? ನಮಗೆ ಯಾವಾಗಲೂ ಕನ್ನಡಿಯೊಳಗಿನ ಗಂಟೇ."

ಅಪ್ಪ ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟ. ಶವ ಹೊರಟಿತು. ನರ್ಸ್ ಟೆಂಪೊವನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿ, ಎಲ್ಲರ ಜೊತೆ ನಡೆದಳು.

* * *

ಗಾಜಿನ ಕೆಲಸದ ಗಂಡ ಕತ್ತರಿಸಿ ಉಳಿಸಿದ ಚೂರುಗಳನ್ನು ಆಯ್ದು, ಒಂದು ಕನ್ನಡಿಯ ಸುತ್ತ ಬಳ್ಳಿಯಂತೆ ಹಬ್ಬಿಸಿದ್ದು ತಾಯಿಯ ಮೊದಲ ಕೆಲಸ. ಆಗ ಮಗಳಿನ್ನೂ ಶಾಲೆಯ ಹುಡುಗಿ. ದಿನಾ ಅದರ ಮುಂದೆ ನಿಂತು ನಾಲಗೆ ಚಾಚುವಳು, ಹುಬ್ಬು ಹಾರಿಸುವಳು. ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು.

"ಯಾರೋ ಕಂಡು ಇಷ್ಟಪಟ್ರು, ಕೊಟ್ಟೆ," ಎಂದಳು ತಾಯಿ, ಮಗಳ ಜಡೆ ಬಿಚ್ಚುತ್ತ. "ನಮ್ಮ ಮೂರು ಮುಖ ನೋಡಿ ನೋಡಿ ಅದಕ್ಕೂ ಸಾಕಾಗಿತ್ತು ಕಣೇ."

"ನನ್ನ ನೋಡಿ ನಿನಗೂ ಸಾಕಾಗಿದೆಯಾ?"

ತಾಯಿಯ ಕೈ ನಿಂತಿತು. ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ನಿನ್ನ ನೋಡೋಕೆ ನನಗೆ ಕನ್ನಡಿ ಯಾಕೆ ಬೇಕು?"

ಹುಡುಗಿಗೆ ಆ ಮಾತಿನಿಂದ ಸಮಾಧಾನವಾಗಲಿಲ್ಲ. ಅವಳು ಮೊಳೆಯನ್ನೇ ನೋಡುತ್ತಿದ್ದಳು.

* * *

ಮಣ್ಣು ಮಾಡಿ ಬಂದ ಮೇಲೆ ಅಪ್ಪ ಕೈಕಾಲು ತೊಳೆದು, ಮೇಜಿನ ಮೇಲಿದ್ದ ಗುಬ್ಬಿಯನ್ನೆತ್ತಿಕೊಂಡು ಅಂಗಳಕ್ಕೆ ಬಂದ. ಅಂಟಿಸುವ ಕೆಲಸಕ್ಕೆ ಅವನೆಂದೂ ಕೈ ಹಾಕಿದವನಲ್ಲ. "ಮುಖ ನೋಡ್ಕೊಳ್ಳೋರಿಗೆ ಈ ಹಕ್ಕಿಪಕ್ಕಿ ಎಲ್ಲ ಯಾಕೆ?" ಎಂದು ಹೆಂಡತಿಯನ್ನು ಕೆಣಕುತ್ತಿದ್ದ. "ಮುಖ ನೋಡಿ ಬೇಜಾರಾದವರಿಗೆ," ಎನ್ನುವಳು ಅವಳು.

ಅಂಟು ಸವರಿ ಗುಬ್ಬಿಯನ್ನು ಒತ್ತಿ ಹಿಡಿದ. ಕೈ ತೆಗೆದಾಗ ಮಗಳು ಕೂಗಿದಳು: "ಅಪ್ಪಾ, ಅದು ಹಿಂದಕ್ಕೆ ಮುಖ ಮಾಡಿದೆ!"

ಕೀಳಲು ನೋಡಿದ. ಅಂಟು ಹಿಡಿದುಬಿಟ್ಟಿತ್ತು. "ಒಂದೇ ಒಂದು ಉಳಿಸಿ ಹೋಗಿದ್ದಳು, ಅದೂ ಆಗಲಿಲ್ಲ ನನ್ನ ಕೈಲಿ," ಎನ್ನುತ್ತ ಅಲ್ಲೇ ಕುಸಿದು ಕುಳಿತ. ಬೆಳಗಿನಿಂದ ಅಳದವನು ಈಗ ಅತ್ತ.

"ಇರಲಿ ಬಿಡಿ ಅಂಕಲ್," ಎಂದಳು ನರ್ಸ್. "ಒಂದಾದ್ರೂ ಹಿಂದಿರುಗಿ ನೋಡಲಿ."

ಮಗಳು ಅವಳನ್ನು ದಿಟ್ಟಿಸಿದಳು. "ಇದನ್ನ ಎಲ್ಲಿ ಹಾಕ್ತೀರಿ?"

"ಬಾಗಿಲ ಎದುರಿಗೆ. ಡ್ಯೂಟಿ ಮುಗಿಸಿ ಬಂದ್ರೆ ಮನೇಲಿ ನನಗೆ ಯಾರೂ ಇಲ್ಲ, ನಿಶ್ಶಬ್ದ ಅಂದ್ರೆ ನಿಶ್ಶಬ್ದ ಅಂತ ನಿಮ್ಮಮ್ಮನ ಹತ್ರ ಹೇಳ್ಕೊಂಡಿದ್ದೆ. 'ಹಾಗಾದ್ರೆ ಗಲಾಟೆ ಮಾಡೋವಂಥದ್ದೇ ಮಾಡ್ಕೊಡ್ತೀನಿ ತಾಳು' ಅಂದ್ರು."

ಮಗಳು ಒಳಗೆ ಹೋದಳು. ಅಮ್ಮನ ಹಾಸಿಗೆಯಿಂದ ದಪ್ಪ ಕಂಬಳಿ ತಂದು ಟೆಂಪೊದಲ್ಲಿ ಹಾಸಿದಳು. ಕನ್ನಡಿಯನ್ನು ಹಿಂದಕ್ಕೆ ಮುಖ ಮಾಡಿ ನಿಲ್ಲಿಸಿ, ಹಗ್ಗವನ್ನು ತಾನೇ ಬಿಗಿದಳು.

ಟೆಂಪೊ ಹೊರಟಾಗ ಕನ್ನಡಿಯೊಳಗೆ ಇಡೀ ಬೀದಿಯಿತ್ತು: ಬಾಗಿಲಲ್ಲಿ ನಿಂತ ಅಪ್ಪ, ಅವನ ತೋಳು ಹಿಡಿದ ಮಗಳು, ಹಿಂದೆ ಚಿಕ್ಕಪ್ಪ. ಎಲ್ಲರೂ ಚಿಕ್ಕದಾಗುತ್ತ ಹೋದರು. ತಿರುವಿನಲ್ಲಿ ಇಳಿಬಿಸಿಲು ಕನ್ನಡಿಗೆ ತಾಗಿತು. ಬೆಳಕಿನ ಚೂರುಗಳು ಒಂದರ ಹಿಂದೊಂದು ಮನೆಮನೆಯ ಗೋಡೆ ಹತ್ತಿ, ಇವರ ಗೋಡೆಯ ಮೇಲೂ ಒಂದು ಸುತ್ತು ಹಾರಿ ಹೋದವು.