ಚಪ್ಪಾಳೆ ಹೊಡೆಯಬಾರದು

ಸೌಂಡಕ್ಕನಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ. ಆದರೆ ಆ ಸೋಮವಾರ ಕಾರಣವೂ ಇತ್ತು. ನಗರಸಭೆಯಿಂದ ಕಾಗದ ಬಂದಿತ್ತು. ಹಾಲ್‌ನ ಗೋಡೆಗೆ ಅಂಟಿಕೊಂಡ ಕಟ್ಟಡದಲ್ಲಿ ಎರಡು ವರ್ಷದ ಹಿಂದೆ ಮನೆ ಕೊಂಡ ಹಲ್ಲಿನ ಡಾಕ್ಟರು ಗದ್ದಲದ ದೂರು ಕೊಟ್ಟಿದ್ದಾರೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಎಂದಿನಂತೆ ಹಾಡು ನಡೆಸಬೇಕು, ಅಧಿಕಾರಿ ಡಾಕ್ಟರ ಮಲಗುವ ಕೋಣೆಯಲ್ಲಿ ಮೀಟರು ಇಟ್ಟು ಅಳೆಯುತ್ತಾರೆ. ಅರ್ಧ ಗಂಟೆಯಲ್ಲಿ ಒಂದೇ ಒಂದು ಸಲ ಸದ್ದು ಮಿತಿ ದಾಟಿದರೂ ಹಾಲ್‌ನ ಧ್ವನಿವರ್ಧಕದ ಪರವಾನಗಿ ರದ್ದು.

ಒಂದು ಕಾಲದಲ್ಲಿ ಟೈರ್ ಗೋದಾಮಾಗಿದ್ದ ಆ ಹಾಲ್‌ನಲ್ಲಿ ನೂರಿಪ್ಪತ್ತು ಕುರ್ಚಿ, ಒಂದು ವೇದಿಕೆ, ಹಿಂದುಗಡೆ ಒಂದು ಮಿಕ್ಸರ್ ಮೇಜು. ಆ ಮೇಜಿನ ಹಿಂದೆ ಸೌಂಡಕ್ಕ ಕೂತು ಹದಿನಾರು ವರ್ಷವಾಗಿತ್ತು. ಊರಿನ ಯಾವ ಹಾಡುಗಾರನ ಗಂಟಲಿನಲ್ಲಿ ಯಾವಾಗ ಕಫ ಕಟ್ಟುತ್ತದೆಂದು ಅವನ ಹೆಂಡತಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಪರವಾನಗಿ ಹೋದರೆ ಸ್ಪೀಕರಿಲ್ಲ, ಸ್ಪೀಕರಿಲ್ಲದ ಮೇಲೆ ಸೌಂಡಕ್ಕನೂ ಬೇಕಿಲ್ಲ. ಐವತ್ಮೂರರ ವಯಸ್ಸಿನಲ್ಲಿ ಬೇರೆ ಯಾವ ಕೆಲಸಕ್ಕೂ ಅವಳು ನಾಲಾಯಕ್ಕು, ಅದು ಅವಳಿಗೂ ಗೊತ್ತಿತ್ತು.

ಅವತ್ತೇ ಹೋಗಿ ಡಾಕ್ಟರ ಬಾಗಿಲು ಬಡಿದಳು. ಮನೆ ಕೊಳ್ಳುವಾಗ ಪಕ್ಕದಲ್ಲಿ ಹಾಲ್ ಇರುವುದು ಕಣ್ಣಿಗೆ ಬೀಳಲಿಲ್ಲವೇ ಎಂದು ಕೇಳಿದಳು. ಬಿತ್ತು, ಅದಕ್ಕೇ ಮನೆ ಕಡಿಮೆ ಬೆಲೆಗೆ ಸಿಕ್ಕಿತು ಎಂದು ಹೇಳಿ ಆತ ಬಾಗಿಲು ಹಾಕಿಕೊಂಡ. ಮೆಟ್ಟಿಲಿಳಿಯುವಾಗ ಅವಳು ಆತನ ಮೂವತ್ತೆರಡು ಹಲ್ಲಿಗೂ ಒಂದೊಂದಾಗಿ ಶಾಪ ಹಾಕಿದಳು.

ಸದ್ದನ್ನು ಮಿತಿಯೊಳಗೆ ಇಡುವುದು ಅವಳಿಗೆ ಕಷ್ಟವಲ್ಲ. ಕಷ್ಟ ಇದ್ದದ್ದು ಹಾಲ್ ಖಾಲಿ ಇರುತ್ತದೆ ಎಂಬುದರಲ್ಲಿ. ಖಾಲಿ ಹಾಲ್‌ನಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಬೆಳೆಯುತ್ತದೆ. ಜನ ತುಂಬಿದ್ದರೆ ಅವರ ಮೈ, ಅವರ ಬಟ್ಟೆ ಅದನ್ನು ಹೀರಿಕೊಳ್ಳುತ್ತವೆ. ಶನಿವಾರ ಮಧ್ಯಾಹ್ನಕ್ಕೆ ಅವಳಿಗೆ ನೂರು ಮೈಗಳು ಬೇಕಿದ್ದವು. ಅವು ಅರ್ಧ ಗಂಟೆ ಕೆಮ್ಮಬಾರದು, ಕುರ್ಚಿ ಎಳೆಯಬಾರದು, ಪಕ್ಕದವರ ಕಿವಿ ಕಚ್ಚಬಾರದು. ಅಂಥ ಮೈಗಳು ಇಡೀ ಊರಿನಲ್ಲಿ ಒಬ್ಬರ ಹತ್ತಿರ ಮಾತ್ರ ಇದ್ದವು. ನಾಟಕದ ಮೇಷ್ಟ್ರ ತಂಡದಲ್ಲಿ, ಕಲಿಯಲು ಬರುವವರೂ ಸೇರಿ, ತೊಂಬತ್ತು ಜನ. ಹೆಣವಾಗಿ ಬೀಳು ಎಂದರೆ ಮುಕ್ಕಾಲು ಗಂಟೆ ರೆಪ್ಪೆ ಅಲುಗಿಸದೆ ಬಿದ್ದಿರುವ ಜನ.

ಮೇಷ್ಟ್ರಿಗೂ ಸೌಂಡಕ್ಕನಿಗೂ ಮಾತು ಬಿಟ್ಟು ಏಳು ವರ್ಷ. ಅವರ ನಾಟಕದ ನಾಯಕ ಸಾಯಲು ಇನ್ನೂ ಆರು ನಿಮಿಷ ಇರುವಾಗ, ಹತ್ತು ಗಂಟೆಯಾಯಿತು, ನಿಯಮ ಅಂದರೆ ನಿಯಮ ಎಂದು ಅವಳು ಹಾಲ್‌ನ ದೀಪಗಳನ್ನೆಲ್ಲ ಹಾಕಿಬಿಟ್ಟಿದ್ದಳು. ನಾಯಕ ಎದ್ದು ನಿಂತು ಮೈ ಒರೆಸಿಕೊಳ್ಳುತ್ತ ಒಳಗೆ ನಡೆದ. ಅವತ್ತಿನಿಂದ ಇಬ್ಬರದೂ ಹಾವು ಮುಂಗುಸಿಯ ಸಂಬಂಧ. ಹೇಳಲೇಬೇಕಾದದ್ದನ್ನು ನಟರು ಬಣ್ಣ ಹಚ್ಚುವ ಕೋಣೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು, ಅದೂ ಸಂಬೋಧನೆ ಇಲ್ಲದೆ.

ಅಳತೆಯ ದಿನ ಹಾಡುವವಳು ಸೌಂಡಕ್ಕನ ತಂಗಿಯ ಮಗಳು. ಮೇಷ್ಟ್ರ ಬಳಿಗೆ ಅವಳನ್ನು ಕಳಿಸಿದರೆ ಉತ್ತರ ಹಲಗೆಯ ಮೇಲೆ ಬಂತು: ಬೇಕಾದವರು ಬಾಯಿಬಿಟ್ಟು ಕೇಳಲಿ.

"ದೊಡ್ಡಮ್ಮ, ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನೂ ಹೋಗಲ್ಲ" ಎಂದಳು ಹುಡುಗಿ.

ಗಂಟಲ್ಲ, ಮಾನವೇ ಹೋಗುತ್ತದೆ ಎಂದು ಸೌಂಡಕ್ಕ ಎರಡು ದಿನ ಹಲ್ಲು ಕಚ್ಚಿ ಕೂತಳು. ಗುರುವಾರ ತಾಲೀಮಿನ ನಡುವೆ ಹೋಗಿ, ಇಡೀ ತಂಡದ ಎದುರು, ನಿಮ್ಮವರನ್ನು ಕಳಿಸಿಕೊಡಿ ಮೇಷ್ಟ್ರೇ ಎಂದು ಕೇಳಿದಳು. ಮೇಷ್ಟ್ರು ಒಂದು ದೃಶ್ಯ ಪೂರ್ತಿ ಮುಗಿಯುವವರೆಗೂ ಅವಳನ್ನು ನಿಲ್ಲಿಸಿ, ಆಮೇಲೆ ತಿರುಗಿ, ಎಲ್ಲರಿಗೂ ಕೋಟು ಹಾಕಿಸಿ ಕರೆತರುತ್ತೇನೆ, ದಪ್ಪ ಬಟ್ಟೆ ಇದ್ದಷ್ಟೂ ಒಳ್ಳೆಯದಲ್ಲವೇ ಎಂದರು. ಅಷ್ಟು ಗೊತ್ತಿದೆಯಲ್ಲ ಮುದುಕನಿಗೆ ಎಂದು ಅವಳಿಗೆ ಇನ್ನಷ್ಟು ಉರಿಯಿತು.

ಶನಿವಾರ ತೊಂಬತ್ತು ಜನ ನಾಟಕದ ಪೆಟ್ಟಿಗೆಯಲ್ಲಿದ್ದ ಉಣ್ಣೆಯ ಕೋಟು, ಶಾಲು, ರಾಜರ ಮಖಮಲ್ಲಿನ ನಿಲುವಂಗಿ, ಎಲ್ಲ ಹೊದ್ದು ಬಂದು ಕೂತರು. ಬೆವರು ಇಳಿಯುತ್ತಿತ್ತು, ಯಾರೂ ಒರೆಸಿಕೊಳ್ಳಲಿಲ್ಲ. ಮೇಜಿನ ಮೇಲಿನ ದೀಪ ನಾನು ಆರಿಸುವವರೆಗೂ ಯಾರೂ ಸದ್ದು ಮಾಡಬಾರದು, ಹಾಡು ಎಷ್ಟೇ ಚೆನ್ನಾಗಿರಲಿ ಚಪ್ಪಾಳೆ ಹೊಡೆಯಬಾರದು ಎಂದು ಸೌಂಡಕ್ಕ ಮೂರು ಸಲ ಹೇಳಿದಳು.

ಮೂರಕ್ಕೆ ಸರಿಯಾಗಿ ಶುರುವಾಯಿತು. ಹುಡುಗಿ ಹಾಡಿದಳು, ಹಿಂದೆ ಗಿಟಾರು, ಡ್ರಮ್ಮು, ಹಾರ್ಮೋನಿಯಂ. ಸೌಂಡಕ್ಕನ ಬೆರಳುಗಳು ಮೇಜು ಬಿಟ್ಟು ಏಳಲಿಲ್ಲ. ಡ್ರಮ್ಮನ್ನು ಕೂದಲೆಳೆಯಷ್ಟು ಇಳಿಸಿದಳು, ಹುಡುಗಿಯ ದನಿಯನ್ನು ಅಷ್ಟೇ ಏರಿಸಿದಳು. ಹಾಲ್‌ನಲ್ಲಿ ಪ್ರತಿ ಅಕ್ಷರ ಬಿಡಿಬಿಡಿಯಾಗಿ ಕೇಳುತ್ತಿತ್ತು. ಡಾಕ್ಟರ ಕೋಣೆಯಲ್ಲಿ ಕೂತ ಅಧಿಕಾರಿ ಹತ್ತು ನಿಮಿಷಕ್ಕೊಮ್ಮೆ ಅವಳ ಫೋನಿಗೆ ಅಂಕಿ ಕಳಿಸುತ್ತಿದ್ದರು. ಮೊದಲ ಅಂಕಿ ಮಿತಿಗಿಂತ ಕಡಿಮೆ, ಎರಡನೆಯದು ಇನ್ನೂ ಕಡಿಮೆ. ಹದಿನಾರು ವರ್ಷದಲ್ಲಿ ಇಷ್ಟು ಚೆನ್ನಾಗಿ ಕೆಲಸ ಮಾಡಿರಲಿಲ್ಲ ಎಂದು ಅವಳಿಗೇ ಅನಿಸಿತು, ಹೆಮ್ಮೆಯಿಂದ ಕಣ್ಣು ತುಂಬಿತು.

ಇಪ್ಪತ್ತಾರನೆಯ ನಿಮಿಷಕ್ಕೆ ಹುಡುಗಿ ಒಂದು ಹಾಡು ಮುಗಿಸಿ ಕಣ್ಣು ಮುಚ್ಚಿ ನಿಂತಳು. ಇನ್ನೊಂದು ಪುಟ್ಟ ಹಾಡು ಬಾಕಿ ಇತ್ತು.

ಮೇಷ್ಟ್ರು ಎದ್ದು ನಿಂತರು.

ನಾಟಕದವರಲ್ಲಿ ಒಂದು ರೂಢಿಯುಂಟು. ಆಟ ಮುಗಿದಾಗ ಹಿರಿಯರು ಎದ್ದು, ಕಾಣದೆ ಕೆಲಸ ಮಾಡಿದವರ ಕಡೆಗೆ ಕೈ ಚಾಚುತ್ತಾರೆ. ಚಾಚಿದ ಕೂಡಲೇ ತಂಡವೆಲ್ಲ ಆ ಕಡೆ ತಿರುಗಿ ಚಪ್ಪಾಳೆ ಹೊಡೆಯಬೇಕು. ಯೋಚಿಸಿ ಹೊಡೆಯುವ ಚಪ್ಪಾಳೆಯಲ್ಲ ಅದು, ಕೈಗೆ ಕಲಿಸಿದ್ದು. ಮೇಷ್ಟ್ರು ದೀಪದವನಿಗೆ ಕೈ ಚಾಚಿದ್ದುಂಟು, ಪರದೆ ಎಳೆಯುವವನಿಗೆ ಚಾಚಿದ್ದುಂಟು. ಈ ಏಳು ವರ್ಷದಲ್ಲಿ ಸೌಂಡಿನ ಮೇಜಿನ ಕಡೆ ಆ ಕೈ ಒಮ್ಮೆಯೂ ಬಂದಿರಲಿಲ್ಲ. ಈಗ ಬಂತು. ಅವಳು ಬೇಡ ಎಂದು ತಲೆಯಾಡಿಸುವಷ್ಟರಲ್ಲಿ ನೂರೆಂಬತ್ತು ಕೈಗಳು ಬಡಿದವು.

ಹತ್ತು ನಿಮಿಷ ತುಂಬುವ ಮೊದಲೇ ಅವಳ ಫೋನು ಹೊಡೆದುಕೊಂಡಿತು, ಅಂಕಿ ಮಿತಿ ದಾಟಿತ್ತು.

ಅಧಿಕಾರಿ ಕೆಳಗಿಳಿದು ಬಂದರು, ಹಿಂದೆ ಡಾಕ್ಟರು, ಕೈಕಟ್ಟಿಕೊಂಡು. ದಾಟಿದ್ದು ಚಪ್ಪಾಳೆ, ಸ್ಪೀಕರಲ್ಲ ಎಂದು ಸೌಂಡಕ್ಕ ವಾದಿಸಿದಳು. ಮೀಟರು ಯಾರ ಸದ್ದೆಂದು ಕೇಳುವುದಿಲ್ಲ ಎಂದರು ಅಧಿಕಾರಿ. ಹಾಗಾದರೆ ಚಪ್ಪಾಳೆಯನ್ನು ನಿಲ್ಲಿಸಿ ಎಂದಳು. ಚಪ್ಪಾಳೆಗೆ ನಾವು ಪರವಾನಗಿ ಕೊಟ್ಟಿಲ್ಲವಲ್ಲ, ಏನನ್ನು ರದ್ದು ಮಾಡಲಿ ಎಂದರು. ಸ್ಪೀಕರಿಗೆ ಕೊಟ್ಟಿದ್ದಾರೆ, ಅದು ರದ್ದಾಯಿತು. ಸ್ಪೀಕರಿಲ್ಲದೆ ಏನು ಬೇಕಾದರೂ ನಡೆಸಬಹುದು. ಡಾಕ್ಟರು ಎಲ್ಲ ಹಲ್ಲನ್ನೂ ತೋರಿಸಿದರು.

ಜನ ಕರಗಿದ ಮೇಲೆ ಅವಳು ಮೇಷ್ಟ್ರ ಎದುರು ಹೋಗಿ ನಿಂತಳು. "ಬೇಕು ಅಂತಲೇ ಮಾಡಿದ್ರಿ."

"ಮುಗೀತು ಅಂದ್ಕೊಂಡೆ. ಚೆನ್ನಾಗಿ ಕೇಳಿಸ್ತು, ಎದ್ದೆ. ಅಷ್ಟೇ."

ಆತನ ಮುಖ ನೋಡಿದಳು. ಸುಳ್ಳು ಹೇಳುವ ಮುಖವಾಗಿರಲಿಲ್ಲ. ಹಗೆಯಿಂದ ಮಾಡಿದ್ದರೆ ಬೈದು ಹಗುರಾಗಬಹುದಿತ್ತು.

ಅಷ್ಟಕ್ಕೇ ಮೇಷ್ಟ್ರು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಸಮಾಧಾನ ಹೇಳಲು ಹೊರಟರು. ಹಾಲ್ ಮುಚ್ಚುವುದಿಲ್ಲ, ನಾಟಕ ನಡೆದೇ ನಡೆಯುತ್ತದೆ ಎಂದರು. "ನಮಗೆ ಮೈಕು ಯಾವತ್ತೂ ಬೇಕಾಗಿರಲಿಲ್ಲ. ನನ್ನ ನಟರಿಗೆ ಗಂಟಲಿದೆ."

ಸೌಂಡಕ್ಕ ಏಣಿ ತಂದು ವೇದಿಕೆಯ ನಡುವೆ ನಿಲ್ಲಿಸಿ ಹತ್ತಿದಳು. ದೀಪದ ಕಂಬಿಯ ಹಿಂದೆ, ಕೆಳಗಿನಿಂದ ಕಾಣದ ಹಾಗೆ ಕಟ್ಟಿದ್ದ ಬೆರಳುದ್ದದ ಎರಡು ಕಪ್ಪು ಮೈಕುಗಳನ್ನು ಬಿಚ್ಚಿಕೊಂಡು ಇಳಿದಳು. ಇವೇನು ಎಂದು ಮೇಷ್ಟ್ರು ಕೇಳಿದರು.

"ನಿಮ್ಮ ನಟರ ಗಂಟಲು. ಹನ್ನೊಂದು ವರ್ಷದಿಂದ ಇಲ್ಲೇ ಇತ್ತು."

ಮೇಷ್ಟ್ರು ಆ ಮೈಕುಗಳನ್ನು ನೋಡಿದರು, ಮೇಜನ್ನು ನೋಡಿದರು. ಮಾತು ಬಿಟ್ಟ ಏಳು ವರ್ಷದಲ್ಲೂ ಅವಳು ಅವನ್ನು ತೆಗೆದಿರಲಿಲ್ಲ ಎಂಬ ಲೆಕ್ಕ ಅವರಿಗೆ ನಿಧಾನವಾಗಿ ಹತ್ತಿತು. ಆಮೇಲೆ ನಡೆದುಹೋಗಿ ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತು, ಒಳಗೇ ಉಳಿದು ಕೋಟು ಮಡಚುತ್ತಿದ್ದ ನಾಟಕದ ನಾಯಕಿಗೆ ಯಾವುದಾದರೂ ಮಾತು ಹೇಳು ಎಂದರು. ಅವಳು ವೇದಿಕೆ ಹತ್ತಿ ಹೇಳಿದಳು.

"ಜೋರಾಗಿ" ಎಂದರು ಮೇಷ್ಟ್ರು.

ಅವಳು ಕತ್ತಿನ ನರ ಉಬ್ಬಿಸಿ ಮತ್ತೆ ಹೇಳಿದಳು.

"ಇನ್ನೂ ಜೋರಾಗಿ."

ಸೌಂಡಕ್ಕ ನೆಲದ ಮೇಲೆ ಕೂತು ವೈರು ಸುತ್ತುತ್ತಿದ್ದಳು. ಕೆಲಸ ಹೋಗಿತ್ತು, ಮೇಜು ಹೋಗಿತ್ತು, ನಾಳೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುವುದೆಂದು ಗೊತ್ತಿರಲಿಲ್ಲ. ನಾಯಕಿ ಮೂರನೆಯ ಸಲ ಕಿರುಚಿದಾಗಲೂ, ಸರಿಯಾಗಿ ಕೇಳಿಸದೆ ಮೇಷ್ಟ್ರು ಕಿವಿಗೆ ಕೈ ಅಡ್ಡ ಇಟ್ಟು ಮುಂದಕ್ಕೆ ಬಾಗಿದ್ದು ಸೌಂಡಕ್ಕನಿಗೆ ಕಂಡಿತು. ಅವಳಿಗೆ ಸಂತೋಷವೇ ಆಯಿತು.