ಅಂಗಳದ ತುಂಬ ಸೈಕಲ್ಲು

ಎಂಟನೇ ಬುಟ್ಟಿ ತೆಂಗಿನ ಮಟ್ಟೆಯನ್ನು ಹಿತ್ತಲಿಗೆ ಸುರಿದು ಬಂದಾಗ ಕಲ್ಲಮ್ಮನ ಕುತ್ತಿಗೆ ಮರಗಟ್ಟಿತ್ತು. ಅಂಗಳದಲ್ಲಿ ಇನ್ನೂ ಅಷ್ಟೇ ರಾಶಿ ಉಳಿದಿತ್ತು. ವಾರದ ಹಿಂದೆ ಅಟ್ಟದ ಕಾಯಿ ಇಳಿಸಿ ಸುಲಿಸಿದ್ದರು. ಮಟ್ಟೆ ಸಾಗಿಸಲು ಯಾರಿಗೂ ಪುರುಸೊತ್ತಾಗಿರಲಿಲ್ಲ. ಇವತ್ತು ಭಾನುವಾರ, ಮೈದಾನದಲ್ಲಿ ಪಂದ್ಯ. ಹತ್ತು ಗಂಟೆಯೊಳಗೆ ಅಂಗಳ ಖಾಲಿಯಾಗಬೇಕು.

"ಕುಂತ್ಕಳಿ ಅಮ್ಮಾರೆ, ನಾನು ಹೊರ್ತೀನಿ," ಎಂದಳು ಕೊಬ್ಬರಿ ಒಡೆಯಲು ಬರುವ ಭೈರಮ್ಮ.

"ನಿನ್ ಸೊಂಟ ನನ್ ಸೊಂಟಕ್ಕಿಂತ ಇಪ್ಪತ್ತು ವರ್ಷ ಹಳೇದು ಕಣಮ್ಮ. ಅದು ಮುರಿದ್ರೆ ನಾನೆಲ್ಲಿಂದ ತರ್ಲಿ?"

"ಹಳೇದೇ ಗಟ್ಟಿ ಬುಡಿ," ಎಂದು ಭೈರಮ್ಮ ಬುಟ್ಟಿ ಕಿತ್ತುಕೊಂಡಳು.

ಕಲ್ಲಮ್ಮನ ಮನೆಗೂ ತಿಪಟೂರಿನ ಆಟದ ಮೈದಾನಕ್ಕೂ ನಡುವೆ ಇರುವುದು ಒಂದು ಓಣಿ ಮತ್ತು ಒಂದು ಕೊಬ್ಬರಿ ಗೋದಾಮು. ಹನ್ನೊಂದು ವರ್ಷದ ಹಿಂದೆ ಅವಳ ಗಂಡ ಸದಾಶಿವಯ್ಯ ಕಬಡ್ಡಿ ನೋಡಲು ಬಂದಿದ್ದ ಹೊನ್ನವಳ್ಳಿಯ ಇಬ್ಬರು ನೆಂಟರಿಗೆ, ಸೈಕಲ್ಲನ್ನು ನಮ್ಮ ಅಂಗಳದಲ್ಲಿ ಬಿಡಿ ಎಂದಿದ್ದ. ಮುಂದಿನ ಸಲ ಆ ನೆಂಟರು ತಮ್ಮ ನೆಂಟರನ್ನು ಕರೆತಂದರು. ಆಮೇಲೆ ಬಿಳಿಗೆರೆಯ ಗಾಡಿಗಳು, ಕಿಬ್ಬನಹಳ್ಳಿಯ ಸೈಕಲ್ಲುಗಳು, ಈಚೆಗೆ ಎರಡು ಮೂರು ಮೋಟಾರ್ ಸೈಕಲ್ಲು. ಸದಾಶಿವಯ್ಯ ಪಂದ್ಯದ ಕಮಿಟಿಗೆ ಸೇರಿದ ಮೇಲಂತೂ ಕೇಳುವವರೇ ಇಲ್ಲ. ಗೇಟಿನ ಹತ್ತಿರ ಯಾರು ಜಾಗ ಕೇಳಿದರೂ ಅವನು ಕೈ ಎತ್ತಿ ಮನೆಯ ಕಡೆ ತೋರಿಸುತ್ತಿದ್ದ. "ನಮ್ಮನೇಲಿ ಬಿಡ್ರಪ್ಪ, ನಮ್ಮೋಳು ನೋಡ್ಕೋತಾಳೆ."

ನೋಡಿಕೊಳ್ಳುವುದೆಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಜಗಲಿ ಬಿಟ್ಟು ಕದಲದಿರುವುದು. ಎತ್ತುಗಳಿಗೆ ನೀರು, ಮನುಷ್ಯರಿಗೆ ಮಜ್ಜಿಗೆ. ಹನ್ನೊಂದು ವರ್ಷದಲ್ಲಿ ಕಲ್ಲಮ್ಮ ಒಂದು ಪಂದ್ಯವನ್ನೂ ನೋಡಿರಲಿಲ್ಲ. ಗೋದಾಮಿನ ಆಚೆಯಿಂದ ಬರುವ ಕೂಗನ್ನು ಕೇಳಿ ಯಾರೋ ಗೆದ್ದರು, ಯಾರೋ ಸೋತರು ಎಂದುಕೊಳ್ಳುತ್ತಿದ್ದಳು. ಅವಳಿಗೂ ನೋಡಬೇಕೆನ್ನಿಸಿರಲಿಲ್ಲ. ಗಂಡಸರು ಗಂಡಸರನ್ನು ಹಿಡಿದು ಎಳೆಯುವುದರಲ್ಲಿ ನೋಡುವಂಥದ್ದೇನಿದೆ?

ಇವತ್ತಿನದು ಬೇರೆ. ಇವತ್ತು ಕಬಡ್ಡಿಯ ಜೊತೆಗೆ ಎರಡು ಗಂಟೆಗೆ ತಾಲ್ಲೂಕಿನ ಹೈಸ್ಕೂಲು ಹುಡುಗಿಯರ ಖೋ ಖೋ ಫೈನಲ್ಲು. ಮಗಳು ಗಿರಿಜಾಂಬಿಕಾ ಆಡುವವಳು. ಒಂಬತ್ತನೇ ತರಗತಿ, ಹದಿನಾಲ್ಕು ವರ್ಷ. ಅವಳು ಓಡುವುದನ್ನು ತಾಯಿ ಕಂಡಿದ್ದು ನಲ್ಲಿಯಲ್ಲಿ ನೀರು ಬಂದಾಗ ಕೊಡ ಹಿಡಿದುಕೊಂಡು ಮಾತ್ರ.

"ಇವತ್ತಾದ್ರೂ ಬತ್ತೀಯೇನಮ್ಮ?" ಎಂದು ಹುಡುಗಿ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತ ಕೇಳಿದ್ದಳು.

"ಬತ್ತೀನಿ ಕಣೇ."

"ಹೋದ ತಿಂಗಳೂ ಹಿಂಗೇ ಅಂದಿದ್ದೆ."

"ಹೋದ ತಿಂಗಳು ನಿಮ್ಮಪ್ಪ ನಲವತ್ತು ಸೈಕಲ್ ಕಳಿಸಿದ್ರು. ಏನ್ ಮಾಡ್ಲಿ?"

"ಅವು ಕೈಕಾಲು ಬಂದು ಓಡೋಯ್ತವಾ?" ಎಂದು ಗಿರಿಜಾ ನಕ್ಕಳು. ಜಡೆ ಮುಗಿಯುವ ಹೊತ್ತಿಗೆ ನಗು ಉಳಿದಿರಲಿಲ್ಲ. "ಬರ್ದಿದ್ರೆ ಬರಲ್ಲ ಅನ್ನಮ್ಮ. ನಾನು ಆ ಕಡೆ ಈ ಕಡೆ ನೋಡ್ಕೊಂಡು ಇರ್ತೀನಿ."

ಮಟ್ಟೆ ಹೊರುವಾಗೆಲ್ಲ ಕಲ್ಲಮ್ಮನಿಗೆ ಆ ಮಾತು ಕೇಳಿಸುತ್ತಿತ್ತು.

ಸೈಕಲ್ಲುಗಳಿಗೆ ಅವಳದೇ ಒಂದು ಏರ್ಪಾಡಿತ್ತು. ತೆಂಗಿನ ಗರಿಯ ಒಂದು ಎಲೆಯನ್ನು ಅಡ್ಡಕ್ಕೆ ಹರಿದು, ಒಂದು ತುಂಡನ್ನು ಹ್ಯಾಂಡಲಿಗೆ ಕಟ್ಟಿ, ಇನ್ನೊಂದನ್ನು ಸವಾರನ ಕೈಗೆ ಕೊಡುತ್ತಿದ್ದಳು. ಹಿಂದಿರುಗಿದಾಗ ಎರಡು ಹರುಕು ಅಂಚುಗಳು ಕೂಡಿದರೆ ಸೈಕಲ್ಲು ಅವನದು; ಕೂಡದಿದ್ದರೆ ಬಿಡುತ್ತಿರಲಿಲ್ಲ. ಎಲ್ಲವೂ ಒಂದೇ ಥರದ ಕರಿ ಸೈಕಲ್ಲುಗಳು, ಅರ್ಧ ಜನ ಸಾಲ ತಂದವರು. ತಮ್ಮದು ಯಾವುದೆಂದು ಅವರಿಗೇ ಗುರುತಿರುತ್ತಿರಲಿಲ್ಲ. ಇಷ್ಟು ವರ್ಷ ಒಂದೂ ತಪ್ಪಿರಲಿಲ್ಲ. ಯಾವಾಗಲೂ ಮರದಿಂದ ಬಿದ್ದ ಗರಿಯನ್ನೇ ಬಳಸುತ್ತಿದ್ದಳು. ಈ ಸಲ ನೋಡಿದರೆ ಬಿದ್ದ ಗರಿಯನ್ನೆಲ್ಲ ಭೈರಮ್ಮ ನೀರೊಲೆಗೆ ಹಾಕಿಬಿಟ್ಟಿದ್ದಳು.

"ಹಸೀದು ಒಂದು ಎಳ್ಕೊಡ್ತೀನಿ ತಗಳಿ," ಎಂದು ಭೈರಮ್ಮ ಗಿಡ್ಡ ಮರದಿಂದ ದೋಟಿಯಲ್ಲಿ ಒಂದು ಗರಿ ಕಿತ್ತಳು. ಹಸಿಯದು ಹರಿಯಲೂ ಕಟ್ಟಲೂ ಸಲೀಸಾಗಿತ್ತು. ಇದೇ ವಾಸಿ ಅನ್ನಿಸಿತು ಕಲ್ಲಮ್ಮನಿಗೆ.

ಹತ್ತೂವರೆಗೆ ಬಿಳಿಗೆರೆಯ ಸಣ್ಣತಿಮ್ಮಯ್ಯ ಗಾಡಿ ತುಂಬ ಜನ ಹೇರಿಕೊಂಡು ಬಂದ. "ಕಲ್ಲಕ್ಕ, ನನ್ನ ಎತ್ತಿಗೆ ನೆರಳಿರೋ ಜಾಗ ಕೊಡವ್ವ. ಮನುಷ್ಯರು ಬಿಸಿಲಾಗೆ ಕುಂತ್ರೂ ಆಯ್ತದೆ."

"ಕೊಟ್ಟಿಗೆ ಗೋಡೆ ಪಕ್ಕ ಕಟ್ಟಣ್ಣ. ಹಗ್ಗ ಗಿಡ್ಡಕ್ಕಿರ್ಲಿ."

ಹೊನ್ನವಳ್ಳಿಯಿಂದ ಸದಾಶಿವಯ್ಯನ ದೊಡ್ಡಪ್ಪನ ಮಗ ರೇವಣಸಿದ್ದಯ್ಯ ಮೋಟಾರ್ ಸೈಕಲ್ಲಿನಲ್ಲಿ ಬಂದರು. ಅದಕ್ಕೆ ಜಗಲಿಯ ಪಕ್ಕವೇ ಜಾಗ ಬೇಕು, ಮೇಲೆ ಹೊದಿಸಲು ಗೋಣಿಚೀಲ ಬೇಕು. "ಮಜ್ಜಿಗೆಗೆ ಒಂಚೂರು ಶುಂಠಿ ಜಜ್ಜಿ ಹಾಕು ತಾಯಿ," ಎಂದು ಕುಳಿತೇಬಿಟ್ಟರು. ಹನ್ನೆರಡು ಗಂಟೆಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಐವತ್ತಮೂರನೆಯ ಎಲೆ ಹರಿಯುವಾಗ ಕಲ್ಲಮ್ಮನ ಹೆಬ್ಬೆರಳಿನ ಉಗುರಿನ ಸಂದಿ ಉರಿಯುತ್ತಿತ್ತು.

ಬಿಸಿಲು ಸರಿದಾಗ ಸಣ್ಣತಿಮ್ಮಯ್ಯ ಮೈದಾನದಿಂದ ಬಂದು ಎತ್ತುಗಳ ಹಗ್ಗ ಸಡಿಲಿಸಿ ಹೋದ, ನೆರಳಿಗೆ ನಿಂತುಕೊಳ್ಳಲಿ ಎಂದು. ಕಲ್ಲಮ್ಮ ಅದನ್ನು ಕಂಡಿದ್ದಳು. ಏನೂ ಅನ್ನಿಸಲಿಲ್ಲ. ಅವಳ ಗಮನವೆಲ್ಲ ಒಳಗಿನ ಗಡಿಯಾರದ ಮೇಲಿತ್ತು.

ಎರಡಕ್ಕೆ ಹತ್ತು ನಿಮಿಷವಿರುವಾಗ ಮುಖ ತೊಳೆದು, ಸೆರಗು ಸರಿಮಾಡಿಕೊಂಡಳು. "ಭೈರಮ್ಮ, ಅರ್ಧ ಗಂಟೆ. ಎಲೆ ಕೂಡಿದ್ರೆ ಮಾತ್ರ ಬಿಡು. ಯಾರೇ ಆಗ್ಲಿ."

"ಹೋಗಿ ಬನ್ನಿ ಅಮ್ಮಾರೆ. ಮಗು ಆಟ ನೋಡಕ್ಕೆ ಅಪ್ಪಣೆ ಕೇಳ್ಬೇಕಾ?"

ಓಣಿ ದಾಟುವುದು ಅವಳು ಅಂದುಕೊಂಡಷ್ಟು ಹತ್ತಿರವಾಗಿರಲಿಲ್ಲ. ಅಂಗಳದಲ್ಲಿ ಜಾಗ ಸಿಗದವರೆಲ್ಲ ಸೈಕಲ್ಲುಗಳನ್ನು ಗೋದಾಮಿನ ಗೋಡೆಗೆ ಒಂದರ ಮೇಲೊಂದು ಒರಗಿಸಿದ್ದರು. ಉಳಿದ ಸಂದಿಯಲ್ಲಿ ಒಂದು ಎತ್ತಿನ ಗಾಡಿ ಸಿಕ್ಕಿಕೊಂಡು ಅತ್ತಲೂ ಇಲ್ಲ ಇತ್ತಲೂ ಇಲ್ಲ. ಸೀರೆ ಎತ್ತಿ ಹಿಡಿದು ಚರಂಡಿಯ ಕಲ್ಲಿನ ಮೇಲೆ ಕಾಲಿಟ್ಟು ನಡೆದಳು. ಒಂದು ಪೆಡಲು ಅವಳ ಮೀನಖಂಡವನ್ನು ಗೀರಿತು. ಗೇಟಿನಲ್ಲಿ ಕಡಲೆಕಾಯಿ ಮಾರುವವರು, ಕಾಂಪೌಂಡಿನ ಮೇಲೆ ಸಾಲಾಗಿ ಕುಳಿತ ಗಂಡಸರ ಬೆನ್ನು. ಹೆಂಗಸರು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಂದು ಗಳಿಗೆ ಹಿಂದಿರುಗಿಬಿಡಲೇ ಎಂದುಕೊಂಡಳು. ಇಷ್ಟು ವರ್ಷ ಇವರೆಲ್ಲರ ಚಕ್ರಗಳನ್ನು ಕಾದವಳಿಗೆ ಇಲ್ಲಿ ನಿಲ್ಲಲು ಒಂದು ಮೊಳ ಜಾಗವಿರಲಿಲ್ಲ. ಕೊನೆಗೆ ಮೂಲೆಯಲ್ಲಿ ಆರೇಳು ಹೆಂಗಸರು ಕಂಡರು. ಅವರ ಹಿಂದೆ, ಒಂದು ಕಲ್ಲು ಹತ್ತಿ ನಿಂತಳು.

ಆಟ ಶುರುವಾಗಿತ್ತು. ಹೊನ್ನವಳ್ಳಿಯ ಹುಡುಗಿಯರು ಅಟ್ಟುವವರು, ತಿಪಟೂರಿನವರು ತಪ್ಪಿಸಿಕೊಳ್ಳುವವರು. ಮೊದಲು ಇಳಿದ ಮೂವರಲ್ಲಿ ಇಬ್ಬರು ಆಗಲೇ ಔಟಾಗಿ, ಉಳಿದವಳು ಒಬ್ಬಳೇ.

ಅದು ಗಿರಿಜಾ ಎಂದು ತಿಳಿಯಲು ಕಲ್ಲಮ್ಮನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮನೆಯಲ್ಲಿ ಆ ಹುಡುಗಿ ಗೋಡೆಗೆ ತಾಗಿಕೊಂಡು ನಡೆಯುತ್ತಿದ್ದಳು, ಯಾರಾದರೂ ಕರೆದರೆ ಎರಡನೆಯ ಸಲಕ್ಕೆ ಓಗೊಡುತ್ತಿದ್ದಳು. ಇಲ್ಲಿ ಅವಳು ಕುಳಿತ ಹುಡುಗಿಯರ ಸಾಲಿನ ನಡುವೆ ನೀರಿನ ಹಾಗೆ ನುಸುಳುತ್ತಿದ್ದಳು. ಬಲಕ್ಕೆ ಹೋಗುವಂತೆ ಭುಜ ಬಾಗಿಸಿ ಎಡಕ್ಕೆ ಜಾರುವಳು. ಹಿಂದೆ ಬಂದವಳ ಕೈ ಬೆನ್ನಿಗೆ ಒಂದು ಗೇಣಿದ್ದಾಗ ಕಂಬ ಹಿಡಿದು ತಿರುಗಿಬಿಡುವಳು. ಮುಖದಲ್ಲಿ ಹೆದರಿಕೆಯಿರಲಿಲ್ಲ. ಅಟ್ಟುವವರನ್ನು ಆಟವಾಡಿಸುತ್ತಿದ್ದಳು, ಬೇಕೆಂದೇ.

"ಯಾರ್ ಮಗಳಮ್ಮ ಅದು, ಹಾವಿನ ಮರಿ ಹಂಗವ್ಳೆ!" ಎಂದಳು ಮುಂದೆ ನಿಂತ ಹೆಂಗಸು.

ನನ್ನ ಮಗಳು ಎಂದಳು ಕಲ್ಲಮ್ಮ, ತನಗಷ್ಟೇ ಕೇಳುವಂತೆ. ಹೆಮ್ಮೆಯ ಜೊತೆಗೆ ಇನ್ನೇನೋ ಇತ್ತು; ತನ್ನ ಮನೆಯಲ್ಲೇ ಹದಿನಾಲ್ಕು ವರ್ಷ ಇದ್ದವಳನ್ನು ಇವತ್ತು ಮೊದಲ ಸಲ ನೋಡಿದೆನಲ್ಲ ಎಂಬಂಥ ನಾಚಿಕೆ. ಗಿರಿಜಾ ಒಮ್ಮೆ ಈ ಕಡೆ ತಿರುಗಿದಳು. ತಾಯಿ ಕೈ ಎತ್ತಿದಳು. ಹುಡುಗಿಗೆ ಕಂಡಿತೋ ಇಲ್ಲವೋ.

"ಕಲ್ಲಕ್ಕೋ!" ಕಾಂಪೌಂಡಿನ ಮೇಲಿನಿಂದ ಸಣ್ಣತಿಮ್ಮಯ್ಯ ಕೂಗಿದ. "ನಿಮ್ಮನೇತಾವ ಗಲಾಟೆ ಅಂತೆ. ಬೇಗ ಹೋಗವ್ವ!"

ಮತ್ತೆ ಆ ಚರಂಡಿಯ ಕಲ್ಲು, ಆ ಪೆಡಲುಗಳು. ಹಿಂದೆ ಮೈದಾನ ಒಮ್ಮೆಲೇ ಹೋ ಎಂದಿತು. ಯಾತಕ್ಕೆಂದು ತಿರುಗಿ ನೋಡಿದರೆ ಗೋದಾಮಿನ ಗೋಡೆ.

ಅಂಗಳದಲ್ಲಿ ಎತ್ತುಗಳು ಸೈಕಲ್ ಸಾಲಿನ ನಡುವೆ ನಿಂತು ನಿಧಾನವಾಗಿ ಮೆಲುಕಾಡುತ್ತಿದ್ದವು. ಹ್ಯಾಂಡಲುಗಳ ಮೇಲೆ ಒಂದೂ ಎಲೆಯಿರಲಿಲ್ಲ. ಒಂದೆರಡು ಕಡೆ ಗಂಟು ಮಾತ್ರ ಉಳಿದಿತ್ತು.

"ನಾನು ಸಗಣಿ ಎತ್ತಾಕಕ್ಕೆ ಹೋಗಿದ್ದೆ ಅಮ್ಮಾರೆ, ಬರೋದ್ರಾಗೆ ಹಿಂಗಾಗೋಗಿತ್ತು," ಎಂದು ಭೈರಮ್ಮ ಅಳುಮುಖ ಮಾಡಿದಳು. "ಕಬಡ್ಡಿ ಮುಗಿಸ್ಕೊಂಡು ಹೊರಟೋರು ಹತ್ತಾರು ಜನ ಬಂದ್ರು. ಎಲ್ರ ಕೈಯಾಗೂ ಎಲೆ ಐತೆ. ಬೇಡ ಅನ್ನಕ್ಕೆ ನಾನ್ಯಾರು? ಕೊಟ್ಟು ಕಳಿಸ್ದೆ."

ಕಿಬ್ಬನಹಳ್ಳಿಯ ನಂಜುಂಡಪ್ಪ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ. ಅವನ ಸೈಕಲ್ಲು ಹೊಸದು, ದೀಪಾವಳಿಗೆ ಕೊಂಡದ್ದು. ಆ ಜಾಗದಲ್ಲಿ ಮಡ್‌ಗಾರ್ಡು ಇಲ್ಲದ ಒಂದು ಹಳೆಯ ಸೈಕಲ್ಲು ನಿಂತಿತ್ತು. "ಇದೇನಕ್ಕ ಇದು? ನಂಬಿ ಬಿಟ್ಟೋದ್ರೆ ಎತ್ತಿಗೆ ಮೇಯಿಸೋದಾ?"

"ಸೈಕಲ್ ತಿಂದಿಲ್ವಲ್ಲ ಸದ್ಯ," ಎಂದ ಯಾರೋ ಹಿಂದಿನಿಂದ. ನಾಲ್ಕು ಜನ ನಕ್ಕರು. ನಂಜುಂಡಪ್ಪ ನಗಲಿಲ್ಲ.

ಸುದ್ದಿ ಹೋಗಿ ಸದಾಶಿವಯ್ಯ ಬಂದ. ಎದೆಯ ಮೇಲೆ ಕಮಿಟಿಯ ರಿಬ್ಬನ್ ಹೂವಿತ್ತು. ಎಲ್ಲವನ್ನೂ ಕೇಳಿಸಿಕೊಂಡು, ಎಲ್ಲರ ಎದುರಿಗೆ ಹೆಂಡತಿಯ ಕಡೆ ತಿರುಗಿದ. "ಒಂದು ದಿನ. ಒಂದು ದಿನ ಮನೇಲಿ ಕೂತಿರಕ್ಕೆ ಆಗ್ಲಿಲ್ವೇನೇ ನಿಂಗೆ?"

ರೇವಣಸಿದ್ದಯ್ಯನವರು ತಮ್ಮ ಮೋಟಾರ್ ಸೈಕಲ್ಲಿನ ಗೋಣಿಚೀಲ ಎತ್ತಿ ನೋಡಿಕೊಂಡರು.

ಹನ್ನೊಂದು ವರ್ಷದ ಭಾನುವಾರಗಳನ್ನು ಎದುರಿಗೆ ತಂದಿಡಬಹುದಿತ್ತು. ಕಲ್ಲಮ್ಮ ಎತ್ತುಗಳನ್ನು ಹಿಡಿದು ಕೊಟ್ಟಿಗೆ ಗೋಡೆಗೆ ಕಟ್ಟಿದಳು. ನಂಜುಂಡಪ್ಪನಿಗೆ ಮಜ್ಜಿಗೆ ತಂದು ಕೊಟ್ಟಳು. ಅವನು ಕುಡಿದ.

ದೀಪ ಹಚ್ಚುವ ಹೊತ್ತಿಗೆ ಹೊನ್ನವಳ್ಳಿಯ ಶ್ರೀರಂಗಯ್ಯ ಎಂಬ ಮುದುಕ ಹೊಸ ಸೈಕಲ್ಲನ್ನು ತಳ್ಳಿಕೊಂಡು ಬಂದ. "ಅರ್ಧ ದಾರಿಗೋಗಿದ್ದೆ ಕಣವ್ವ. ಎಮ್ಮೆ ಅಡ್ಡ ಬಂತು ಅಂತ ಬೆಲ್ಲೊಡೆದೆ, ಟ್ರಿಣ್ ಅಂತು. ನನ್ ಸೈಕಲ್ಗೆ ಬೆಲ್ಲೇ ಇಲ್ವಲ್ಲ ಅಂತ ಆವಾಗ ಹೊಳೀತು!" ಜಗಲಿಯ ಮೇಲೆ ಕಾದು ಕುಳಿತಿದ್ದ ನಂಜುಂಡಪ್ಪನೂ ಈಗ ನಕ್ಕ. ಇಬ್ಬರೂ ಮಾತಾಡಿಕೊಂಡು ಓಣಿಯ ತುದಿಯವರೆಗೆ ಒಟ್ಟಿಗೇ ಹೋದರು. ಗಂಡಸರಿಗೆ ಅಷ್ಟಕ್ಕೆ ಮುಗಿಯಿತು.

ಗೆದ್ದರೆಂಬ ಸುದ್ದಿ ಕಲ್ಲಮ್ಮನಿಗೆ ತಿಳಿದದ್ದು ರೊಟ್ಟಿ ತಟ್ಟುವಾಗ. ಗಿರಿಜಾ ಮೊಣಕಾಲಿನ ತರಚುಗಾಯಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದಳು. ಊಟಕ್ಕೆ ಕುಳಿತ ಅಪ್ಪನಿಗೆ ಹೇಳುವಂತೆ ಹೇಳಿದಳು, "ಬರೋ ಭಾನುವಾರ ತುಮಕೂರಲ್ಲಿ ಜಿಲ್ಲಾ ಮಟ್ಟದ್ದು. ನಮ್ ಮೇಡಂ ಬಾಣಂತನಕ್ಕೆ ಹೋಗವ್ರೆ. ಜೊತೆಗೆ ಒಬ್ರು ಹೆಂಗಸ್ರು ಇರ್ಲೇಬೇಕಂತೆ, ಯಾರಾದ್ರೂ ತಾಯಂದ್ರು ಬರ್ಲಿ ಅಂದ್ರು ಮೇಷ್ಟ್ರು."

ತಾಯಿಯ ಕಡೆ ಅವಳು ನೋಡಲಿಲ್ಲ. ಕೇಳುವುದನ್ನು ಬಿಟ್ಟುಬಿಟ್ಟವರ ದನಿ ಅದು. ಕಲ್ಲಮ್ಮನಿಗೆ ಆ ದನಿಯ ಗುರುತಿತ್ತು. ಅದು ತನ್ನದೇ. ಇಷ್ಟು ಬೇಗ ಹುಡುಗಿಗೆ ಬಂದುಬಿಟ್ಟಿತೇ ಎಂದು ಹಂಚಿನ ಮುಂದೆ ಕೈ ನಿಂತಿತು.

"ಯಾರಾದ್ರೂ ಬತ್ತಾರೆ ಬುಡು," ಎಂದ ಸದಾಶಿವಯ್ಯ. ಅವನ ಸಿಟ್ಟು ಇಳಿದಿತ್ತು. "ಚೆನ್ನಾಗ್ ಓಡಿದೆ ಕಣೇ ಮಗಳೇ, ಚೆನ್ನಾಗ್ ಓಡಿದೆ." ಆಮೇಲೆ ಹೆಂಡತಿಗೆ, "ಬರೋ ಭಾನುವಾರ ಇಲ್ಲಿ ವಾಲಿಬಾಲು. ಚಿಕ್ಕನಾಯಕನಹಳ್ಳಿಯಿಂದ ಎರಡು ಟ್ರ್ಯಾಕ್ಟರ್ ಬತ್ತವೆ, ನಮ್ಮನೇಗೇ ಬಿಡಿ ಅಂದಿದೀನಿ. ಉಳಿದಿರೋ ಮಟ್ಟೆ ಎಲ್ಲ ತೆಗೆಸಿಡು."

"ಹೂಂ," ಎಂದಳು ಕಲ್ಲಮ್ಮ.

ರೊಟ್ಟಿ ಸೀಯುವ ವಾಸನೆ ಬಂದು ತಿರುವಿ ಹಾಕಿದಳು. ಆ ಹೂಂ ಎನ್ನುವುದಕ್ಕೂ ರೊಟ್ಟಿ ತಿರುವುವುದಕ್ಕೂ ನಡುವೆ ವಿಷಯ ತೀರ್ಮಾನವಾಗಿತ್ತು. ಇಷ್ಟು ಸುಲಭವಾಗಿ ಆಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನಾಳೆ ಸ್ಕೂಲು ಬಿಟ್ಟ ಮೇಲೆ ಮೇಷ್ಟರ ಮನೆಗೆ ಹೋಗಿ ತನ್ನ ಹೆಸರು ಹೇಳಿಬರುವುದು. ಶನಿವಾರದವರೆಗೆ ಮನೆಯಲ್ಲಿ ಮಾತಿಲ್ಲ. ಮೊದಲೇ ಹೇಳಿದರೆ ಐದು ದಿನ ವಾದ ಮಾಡಬೇಕು, ವಾದಕ್ಕೆ ತನ್ನಲ್ಲಿ ಶಕ್ತಿಯಿಲ್ಲ. ಬಸ್ಸು ಹತ್ತುವಷ್ಟು ಮಾತ್ರ ಇದೆ. ಟ್ರ್ಯಾಕ್ಟರುಗಳು ಬರುತ್ತವೆ, ಬರಲಿ. ಕರೆದವರು ಜಗಲಿಯ ಮೇಲೆ ಕುಳಿತುಕೊಳ್ಳಲಿ.

"ಬಸ್ಸು ಎಷ್ಟೊತ್ತಿಗಂತೆ?" ಎಂದು ಕೇಳಿದಳು.

"ಆರೂವರೆಗೆ. ಯಾಕಮ್ಮ?"

"ಬುತ್ತಿ ಕಟ್ಬೇಕಲ್ಲ, ಅದಕ್ಕೆ."

ಗಿರಿಜಾ ಎಣ್ಣೆಯ ಬಟ್ಟಲು ಎತ್ತಿಟ್ಟು ಕೈ ತೊಳೆಯಲು ಹೋದಳು. ಕಲ್ಲಮ್ಮ ಮುಂದಿನ ಹಿಟ್ಟಿನ ಉಂಡೆಯನ್ನು ಕೈಗೆ ತೆಗೆದುಕೊಂಡಳು.